ಬೀಗರ ಕಾಲಡಿಯ ಕರೆಂಟು

ಮುಚ್ಚುವುದು ನನ್ನ ಕಸುಬು. ಜಾವಾದ ಸೆಮರಾಂಗ್ ಊರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮದುವೆ ಮಂಟಪ ಕಟ್ಟುತ್ತಿದ್ದೇನೆ. ಜನ ಅದನ್ನು ಅಲಂಕಾರ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಅದು ಬರೀ ಮುಚ್ಚುವ ಕೆಲಸ. ಹೆಣ್ಣಿನ ಮನೆಯ ಗೋಡೆ ಬಿರುಕು ಬಿಟ್ಟಿದೆಯೇ? ಬಿಳಿ ಬಟ್ಟೆ ಇಳಿಬಿಡು. ಅಂಗಳದ ಪಕ್ಕ ಮೋರಿ ಹರಿಯುತ್ತಿದೆಯೇ? ಹೂಕುಂಡ ಸಾಲಾಗಿ ಜೋಡಿಸು. ಒಮ್ಮೆ ರಸ್ತೆ ಕೆಲಸದವರು ಮದುವೆ ಮನೆಯ ಮುಂದೆಯೇ ರೋಡ್ ರೋಲರ್ ಬಿಟ್ಟು ಊರಿಗೆ ಹೋಗಿಬಿಟ್ಟಿದ್ದರು. ಅದನ್ನು ರೇಷ್ಮೆ ಬಟ್ಟೆ, ಪ್ಲಾಸ್ಟಿಕ್ ಗುಲಾಬಿಗಳಲ್ಲಿ ಮುಚ್ಚಿ ಅದರ ಮುಂದೆಯೇ ಮದುಮಕ್ಕಳನ್ನು ಕೂರಿಸಿದ ಕಲಾವಿದ ನಾನು. ಫೋಟೋ ನೋಡಿದವರೆಲ್ಲ 'ಎಷ್ಟು ಗಟ್ಟಿಮುಟ್ಟಾದ ಮಂಟಪ' ಎಂದು ಹೊಗಳಿದರು.

ಇಂಥ ದರ್ಮಾಜಿಯಾದ ನನ್ನ ಒಬ್ಬಳೇ ಮಗಳನ್ನು ಕೇಳಲು ಗಂಡು ಹನುಂಗ್‌ನ ಕಡೆಯವರು ಬರುತ್ತಾರೆಂದರೆ ಮನೆ ಹೇಗಿರಬೇಕು? ಬಂದವರು ನೋಡುತ್ತಲೇ ನಿಂತುಬಿಡಬೇಕು, ಕೂರುವುದನ್ನೇ ಮರೆಯಬೇಕು ಎಂದು ನಾನು ಶಪಥ ಮಾಡಿದೆ. ಅವರು ನಿಜಕ್ಕೂ ಕೂತಲ್ಲಿಂದ ಎದ್ದು ಹೋಗುವಂತಾಯಿತು ಎಂಬುದು ಬೇರೆ ಮಾತು. ಅದನ್ನೇ ಈಗ ಹೇಳಹೊರಟಿದ್ದೇನೆ.

ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಎಂದು ನಿಶ್ಚಯವಾಯಿತು. ಸೋಮವಾರವೇ ಮಗಳು ಗಲುಹ್ ನನ್ನ ಪಕ್ಕ ಬಂದು ಕೂತಳು.

"ಅಪ್ಪಾ, ಒಂದು ಮಾತು. ಹನುಂಗ್ ಅವರಪ್ಪ ಯಾರ ಮನೆಗ್ ಹೋದ್ರೂ ಮೊದ್ಲು ನೋಡೋದು ವೈರು."

"ಎಲ್ಲರೂ ಮೊದ್ಲು ಹುಡುಗೀನ ನೋಡ್ತಾರೆ."

"ಅವರು ವೈರು ನೋಡ್ತಾರೆ. ಮೂವತ್ತೊಂದು ವರ್ಷ ಅಗ್ನಿಶಾಮಕ ದಳದಲ್ಲಿದ್ದು ರಿಟೈರಾದೋರು. ಪ್ಲಗ್ಗು ಮುಟ್ಟಿ ನೋಡ್ತಾರೆ, ಬಿಸಿ ಇದ್ರೆ ಕಿತ್ತುಬಿಡ್ತಾರೆ. ಅವರ ತಂಗಿಯ ಹೊಸಮನೆ ಊಟದ ದಿನ ಟೀವಿ, ಫ್ರಿಜ್ಜು, ಇಸ್ತ್ರಿಪೆಟ್ಟಿಗೆ ಎಲ್ಲಾ ಕಿತ್ತಮೇಲೇ ಎಲೆ ಮುಂದೆ ಕೂತಿದ್ದಂತೆ. ನಮ್ಮನೆ ನೋಡಿದ್ರೆ ಏನಂತಾರೋ."

ನಮ್ಮ ಮನೆಯನ್ನು ನಾನೂ ಒಮ್ಮೆ ಅವರ ಕಣ್ಣಿನಿಂದ ನೋಡಿದೆ. ನಡುಕೋಣೆಯ ಗೋಡೆಯಲ್ಲಿರುವುದು ಒಂದೇ ಒಂದು ಸಾಕೆಟ್ಟು. ಅದೇ ನಮ್ಮ ಮನೆತನದ ಮೂಲಪುರುಷ. ಅದರಿಂದ ಹುಟ್ಟಿದ್ದು ಐದು ತೂತಿನ ಎಕ್ಸ್‌ಟೆನ್ಶನ್ ಬೋರ್ಡು. ಆ ಬೋರ್ಡಿಗೆ ಹುಟ್ಟಿದ್ದು ಮೂರು ತೂತಿನ ಇನ್ನೊಂದು. ಅದರ ಬೆನ್ನ ಮೇಲೆ ಒಂದಕ್ಕೆ ಮೂರಾಗುವ ಬಿಳಿ ಪ್ಲಗ್ಗು, ಅಂದರೆ ಮೊಮ್ಮಗು. ಈ ತುಂಬು ಕುಟುಂಬವನ್ನು ನಂಬಿಕೊಂಡು ಟೀವಿ, ಫ್ಯಾನು, ರೈಸ್ ಕುಕ್ಕರು, ಬಿಸಿನೀರು ತಣ್ಣೀರು ಎರಡೂ ಕೊಡುವ ನೀರಿನ ಯಂತ್ರ, ಮೂರು ಮೊಬೈಲ್ ಚಾರ್ಜರು ಬಾಳುತ್ತಿದ್ದವು. ಎಲ್ಲರೂ ಒಟ್ಟಿಗೆ, ಜಗಳವಿಲ್ಲದೆ.

ನನ್ನ ಹೆಂಡತಿ ಮುರ್ತಿನಿ ಪರಿಹಾರವನ್ನು ಆಗಲೇ ಕಂಡುಕೊಂಡಿದ್ದಳು.

"ಈ ಮಕ್ಕಳು ಮೊಮ್ಮಕ್ಕಳನ್ನೆಲ್ಲ ತೆಗೆದುಬಿಡಿ. ನಮ್ಮ ತಮ್ಮ ಸಾರ್ಜಿಗೆ ಹೇಳಿದ್ರೆ ಅರ್ಧ ದಿನದಲ್ಲಿ ಗೋಡೆಗೆ ಇನ್ನೆರಡು ಸಾಕೆಟ್ಟು ಕೂರಿಸಿಕೊಡ್ತಾನೆ. ಅವನು ಮಾಡೋದೇ ಆ ಕೆಲಸ."

"ನಿನ್ನ ತಮ್ಮ ಗೋಡೆ ಒಡೀತಾನೆ. ಒಡೆದ ಗೋಡೆ ಆಮೇಲೆ ನಾನೇ ಮುಚ್ಚಬೇಕು. ಅದರ ಬದಲು ಮೊದಲೇ ಮುಚ್ಚಿಬಿಡ್ತೀನಿ."

"ರೀ, ವೈರು ಅವರ ಕಣ್ಣಿಗೆ ಬೀಳಬಾರದು ಅಂತಲ್ಲ ನಾನು ಹೇಳ್ತಿರೋದು. ಇರಬಾರದು ಅಂತ."

"ಕಣ್ಣಿಗೆ ಬೀಳದೇ ಇದ್ರೆ ಇಲ್ಲದ ಹಾಗೇ."

"ನಿಮ್ಮ ಬುದ್ಧಿಯ ಹಾಗಾ?" ಎಂದು ಅವಳು ಅಡುಗೆಮನೆಗೆ ಹೋದಳು. ನಾನು ಸುತ್ತಿಗೆ ಕೈಗೆತ್ತಿಕೊಂಡೆ. ದೊಡ್ಡ ಕೆಲಸಕ್ಕೆ ಕೈಹಾಕುವವರು ಸಣ್ಣ ಮಾತಿಗೆ ಉತ್ತರ ಕೊಡುವುದಿಲ್ಲ.

ಐದು ದಿನ ಮನೆಯಲ್ಲಿ ಸುತ್ತಿಗೆಯ ಸದ್ದು ನಿಲ್ಲಲಿಲ್ಲ. ಬೋರ್ಡುಗಳನ್ನೆಲ್ಲ ನಡುಕೋಣೆಯ ಮಧ್ಯಕ್ಕೆ ತಂದು, ಟೇಪು ಸುತ್ತಿ ನೆಲಕ್ಕೆ ಅಂಟಿಸಿ, ಅದರ ಮೇಲೆ ಮೊದಲು ಹಳೆಯ ಕಂಬಳಿ, ಕಂಬಳಿಯ ಮೇಲೆ ಮಂಟಪಕ್ಕೆಂದು ಇಟ್ಟಿದ್ದ ದಪ್ಪ ಕೆಂಪು ರತ್ನಗಂಬಳಿ ಹಾಸಿದೆ. ಮೇಲೆ ಉಬ್ಬು ಕಾಣದಿರಲೆಂದು ಎರಡು ಮೆತ್ತೆಯನ್ನೂ ಇಟ್ಟೆ. ರೈಸ್ ಕುಕ್ಕರ್ ಮತ್ತು ನೀರಿನ ಯಂತ್ರಕ್ಕೆ ಬಾಟಿಕ್ ಬಟ್ಟೆಯ ನಿಲುವಂಗಿ ಹೊಲಿಸಿದೆ. ಫ್ಯಾನಿನ ವೈರುಗಳು ಬಾಳೆಯ ಕಂದುಗಳ ಹಿಂದೆ ಅಡಗಿದವು. ಕೊನೆಗೆ ಉಳಿದದ್ದು ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನ ಡಬ್ಬಿ. ಜೇಡನ ಬಲೆ, ಕರಿ ಹಿಡಿದ ಮುಚ್ಚಳ, ಹಲ್ಲಿಯ ಒಂದು ಹಳೆಯ ಬಾಲ. ಅದನ್ನು ಹಾಗೆಯೇ ಬಿಡಲು ಕಲಾವಿದನ ಮನಸ್ಸು ಒಪ್ಪುತ್ತದೆಯೇ? ಗೋಡೆಯುದ್ದಕ್ಕೂ ಮರದ ಚೌಕಟ್ಟು ನಿಲ್ಲಿಸಿ, ಬಿಳಿ ಬಟ್ಟೆ ಬಿಗಿದು, 'ಗಲುಹ್ – ಹನುಂಗ್' ಎಂದು ಥರ್ಮಕೋಲಿನ ಅಕ್ಷರ ಅಂಟಿಸಿ, ಇಡೀ ಚೌಕಟ್ಟಿಗೆ ಹದಿನಾರು ಮೊಳೆ ಹೊಡೆದೆ. ಬಿರುಗಾಳಿ ಬಂದರೂ ಅಲುಗಬಾರದು.

"ಮೇನ್ ಸ್ವಿಚ್ ಎಲ್ರೀ?" ಎಂದಳು ಮುರ್ತಿನಿ.

"ನಿನ್ನ ಅಳಿಯನ ಹೆಸರಿನ ಹಿಂದೆ."

"ಬೇಕಾದಾಗ?"

"ಎರಡು ಗಂಟೆ ಕಾರ್ಯಕ್ರಮ. ಯಾಕೆ ಬೇಕಾಗುತ್ತೆ?"

ಬೇಕಾಗುತ್ತದೆಂದು ಅಂದು ಸಂಜೆಯೇ ಗೊತ್ತಾಯಿತು. ಶನಿವಾರ ಎಲ್ಲವನ್ನೂ ಒಟ್ಟಿಗೆ ಹಾಕಿ ನೋಡೋಣವೆಂದು, ಮಂಟಪದ ಸಾಮಾನಿನಿಂದ ತಂದ ಎರಡೂ ಸೇರಿ ಮೂರು ಫ್ಯಾನು, ಮೈಕಿನ ಪೆಟ್ಟಿಗೆ, ಅಲಂಕಾರದ ದೀಪ, ಕುಕ್ಕರು, ನೀರಿನ ಯಂತ್ರ ಎಲ್ಲದರ ಗುಂಡಿ ಒತ್ತಿದೆ. ಟಪ್ ಎಂದು ಮನೆ ಕತ್ತಲಾಯಿತು. ನಮ್ಮ ಬೀದಿಯ ಮನೆಗಳಿಗೆ ಕೊಟ್ಟಿರುವ ಕರೆಂಟು ಒಂಬೈನೂರು ವ್ಯಾಟಿನದು. ಅನ್ನವೂ ಬೇಯಬೇಕು, ಅಂಗಿಯೂ ಇಸ್ತ್ರಿಯಾಗಬೇಕು ಎಂದು ಒಟ್ಟಿಗೆ ಆಸೆಪಟ್ಟರೆ ಸ್ವಿಚ್ಚು ತಾನೇ ಕೆಳಗೆ ಬೀಳುತ್ತದೆ. ಬಿದ್ದ ಸ್ವಿಚ್ಚು ಎತ್ತಲು ನಾಲ್ಕು ಮೊಳೆ ಕಿತ್ತು, ಬಟ್ಟೆಯೊಳಗೆ ಕೈತೂರಿಸಿ, ಹಲ್ಲಿಯ ಬಾಲವನ್ನು ಮುಟ್ಟಿ ಹೌಹಾರಿ, ಹೇಗೋ ಎತ್ತಿದೆ. ಮತ್ತೆ ಟಪ್. ಮೂರನೆಯ ಸಲ ಟಪ್ ಎಂದಾಗ ಮುರ್ತಿನಿ ಮೇಣದಬತ್ತಿ ಹಿಡಿದು ಬಂದು ನನ್ನ ಮುಖ ನೋಡಿದಳು.

"ಅದೂ ಬೇಡ ಅಂತಿದೆ ನೋಡಿ. ಎರಡು ಫ್ಯಾನ್ ತೆಗೀರಿ. ಅನ್ನ ಗ್ಯಾಸ್ ಮೇಲೆ ಮಾಡ್ತೀನಿ."

"ಬೀಗರು ಬೆವರಬೇಕಾ?"

"ಬೆವರಿದ್ರೆ ಒರೆಸಿಕೊಳ್ತಾರೆ."

ಒಪ್ಪಬಹುದಿತ್ತು. ಆದರೆ ಆ ಹೊತ್ತಿಗೆ ನನಗೆ ಎದುರುಮನೆಯ ಯಾತ್ಮಿ ಅಕ್ಕ ನೆನಪಾದರು. ಅವರದು ಐಸು, ತಂಪು ಪಾನೀಯದ ಅಂಗಡಿ. ಎರಡು ದೊಡ್ಡ ಫ್ರೀಜರಿಗಾಗಿ ನಮಗಿಂತ ಮೂರು ಪಟ್ಟು ಕರೆಂಟು ತೆಗೆದುಕೊಂಡಿದ್ದಾರೆ. ಕೇಳಿದ್ದೇ ತಡ, ಒಪ್ಪಿದರು.

"ತಗೋಳಪ್ಪ, ಗಲುಹ್ ನನ್ನ ಮಗಳಿದ್ದ ಹಾಗೆ. ನಾಳೆ ಹೇಗೂ ಅಂಗಡಿ ಮುಚ್ಚಿ ನಿಮ್ಮನೆಗೇ ಬಂದು ಲುಂಪಿಯಾ ರೋಲು ಕರೀತೀನಿ."

ಮಂಟಪದ ಸಣ್ಣ ದೀಪಗಳಿಗೆ ಬಳಸುವ ತೆಳು ವೈರಿನ ಸುರುಳಿಯೊಂದು ನನ್ನಲ್ಲಿತ್ತು. ಅದರ ಒಂದು ತುದಿ ಅಕ್ಕನ ಅಂಗಡಿಯ ಪ್ಲಗ್ಗಿಗೆ. ಅಲ್ಲಿಂದ ಬೀದಿ ದಾಟಿ, ಬಣ್ಣದ ತೋರಣದೊಳಗೆ ಅಡಗಿ, ನಮ್ಮ ಮನೆಯ ಗವಾಕ್ಷಿಯಿಂದ ಇಳಿದು, ಗೋಡೆಯ ಸಾಕೆಟ್ಟಿನಿಂದ ಬಿಡಿಸಿದ, ಕಂಬಳಿಯ ಕೆಳಗಿನ ಬೋರ್ಡಿಗೆ. ಎಲ್ಲವನ್ನೂ ಹಾಕಿ ನೋಡಿದೆ. ಫ್ಯಾನು ತಿರುಗಿದವು, ದೀಪ ಮಿನುಗಿದವು, ಕುಕ್ಕರಿನ ಕೆಂಪು ಕಣ್ಣು ತೆರೆಯಿತು, ಸ್ವಿಚ್ಚು ಬೀಳಲಿಲ್ಲ. ಕಿತ್ತ ನಾಲ್ಕು ಮೊಳೆಯನ್ನೂ ಮತ್ತೆ ಹೊಡೆದು ಹದಿನಾರಾಗಿಸಿದೆ. ಸ್ವಿಚ್ಚು ಬೀಳುತ್ತಿದ್ದುದು ನಮ್ಮ ಮೇಲಿನ ಹಗೆಯಿಂದಲ್ಲ, ನಮ್ಮ ಒಳಿತಿಗೆ ಎಂಬ ಜ್ಞಾನೋದಯಕ್ಕೆ ಇನ್ನೂ ಹದಿನೈದು ಗಂಟೆ ಬಾಕಿಯಿತ್ತು.

ಭಾನುವಾರ ಹತ್ತಕ್ಕೆ ಸರಿಯಾಗಿ ಪಕ್ಕದ ಕೆಂದಾಲ್ ಊರಿನಿಂದ ಹದಿನಾಲ್ಕು ಜನ ಬಂದಿಳಿದರು. ಬಾಳೆಹಣ್ಣಿನ ಗೊನೆ, ಅಂಟಕ್ಕಿ ಕಡುಬು, ಬಾಟಿಕ್ ಬಟ್ಟೆ, ಹಣ್ಣಿನ ಬುಟ್ಟಿ. ಹುಡುಗ ಹನುಂಗ್ ಹೊಸ ಅಂಗಿಯಲ್ಲಿ ಮುದುರಿಕೊಂಡು ಬಂದ. ಅವನ ಹಿಂದೆ ಅವರಪ್ಪ ಕಸ್ತಾರಿ. ಕುಳ್ಳಗೆ, ಗಟ್ಟಿಯಾಗಿ, ಕೈತುಂಬ ಹಳೆಯ ಸುಟ್ಟ ಕಲೆಗಳು. ಚಪ್ಪಲಿ ಬಿಟ್ಟವರೇ ಹೊಸ್ತಿಲಲ್ಲಿ ನಿಂತು ಗೋಡೆಗಳನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದರು. ಒಂದೂ ವೈರು ಕಾಣಲಿಲ್ಲ.

"ಬೀಗರೇ, ಮೂರು ಫ್ಯಾನು ತಿರುಗ್ತಿದೆ. ಒಂದೂ ವೈರು ಕಾಣಲ್ಲ," ಎಂದರು.

"ಎಲ್ಲಾ ಒಳಗಡೆಯಿಂದ," ಎಂದೆ. ಸುಳ್ಳೇನಲ್ಲ. ಯಾವುದರ ಒಳಗಡೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

"ಅಚ್ಚುಕಟ್ಟು," ಎಂದರು. ಮೂವತ್ತೊಂದು ವರ್ಷದ ಅನುಭವಿಯ ಬಾಯಿಂದ ಬಂದ ಆ ಮಾತು ಕೇಳಿ ನಾನು ಮುರ್ತಿನಿಯತ್ತ ಒಂದು ನೋಟ ಬೀರಿದೆ. ಅವಳು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಬೇರೆ ಕಡೆ ತಿರುಗಿದಳು.

ಗಂಡಿನ ಕಡೆಯಿಂದ ಮಾತಾಡಲು ಬಂದಿದ್ದವರು ಕಸ್ತಾರಿಯವರ ಚಿಕ್ಕಪ್ಪ ಸೊಮೊ ಅಜ್ಜ. ಎಂಬತ್ತೊಂದು ವರ್ಷ. ಹಳೆಯ ಜಾವಾ ಮಾತಿನಲ್ಲಿ ಹೆಣ್ಣು ಕೇಳುವುದರಲ್ಲಿ ಆ ಸೀಮೆಗೇ ಹೆಸರುವಾಸಿಯಂತೆ. ಮಂಡಿನೋವಿನಿಂದ ನೆಲದ ಮೇಲೆ ಕೂರಲು ಕಷ್ಟವೆಂದು ಇಬ್ಬರು ಹಿಡಿದು ಕೂರಿಸಿದರು. ಎಲ್ಲಿ? ರತ್ನಗಂಬಳಿಯ ನಟ್ಟನಡುವೆ, ಆ ಎರಡು ಮೆತ್ತೆಗಳ ಮೇಲೆ. ಮೆತ್ತೆ ಇಟ್ಟವನು ನಾನೇ ಆದ್ದರಿಂದ ಬೇಡವೆನ್ನುವ ಬಾಯಿ ನನಗಿರಲಿಲ್ಲ.

ಪ್ರಾರ್ಥನೆ ಮುಗಿಯಿತು. ಅಜ್ಜ ಮೈಕು ಹಿಡಿದು ಮಾತು ಶುರುಮಾಡಿದರು. ದೇವರಿಗೆ, ಹಿರಿಯರಿಗೆ, ನಮ್ಮ ಮನೆತನಕ್ಕೆ, ಅವರ ಮನೆತನಕ್ಕೆ, ದಾರಿಯಲ್ಲಿ ಸಿಕ್ಕ ಸೇತುವೆಗೆ, ಎಲ್ಲಕ್ಕೂ ವಂದನೆ ಸಲ್ಲಿಸುತ್ತ ಹತ್ತು ನಿಮಿಷವಾದರೂ ಹೆಣ್ಣಿನ ಹೆಸರು ಬರಲಿಲ್ಲ. ನಡುವೆ ನಿಲ್ಲಿಸಿ ನನ್ನತ್ತ ಬಾಗಿದರು.

"ತಮ್ಮಾ, ನಿಮ್ಮನೆ ನೆಲ ಬೆಚ್ಚಗಿದೆ."

"ಹೌದಾ ಅಜ್ಜಾ?"

"ಹಿತವಾಗಿದೆ. ಮೂರು ವರ್ಷದಿಂದ ಈ ಮಂಡಿಗೆ ಯಾವ ಎಣ್ಣೆಯಿಂದಲೂ ಇಷ್ಟು ಸುಖ ಸಿಕ್ಕಿಲ್ಲ."

ನನ್ನ ಬೆನ್ನಹುರಿಯಲ್ಲಿ ತಣ್ಣಗೆ ಏನೋ ಇಳಿಯಿತು. ಇಡೀ ಕೋಣೆಯಲ್ಲಿ ತಣ್ಣಗಿದ್ದದ್ದು ಅದೊಂದೇ. "ಅಜ್ಜಾ, ಈ ಕಡೆ ಬನ್ನಿ, ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ," ಎಂದೆ.

"ಗಾಳಿ ಯಾರಿಗೆ ಬೇಕು? ಇಲ್ಲಿಂದ ಎದ್ದೇಳು ಅನ್ನಬೇಡ," ಎಂದು ಅವರು ಇನ್ನಷ್ಟು ಒತ್ತಿ ಕೂತರು.

ಎದ್ದು ಹೋಗಿ ಅಕ್ಕನ ಅಂಗಡಿಯ ಪ್ಲಗ್ಗು ಕೀಳಬೇಕು ಎಂದು ಆಗಲೇ ಅನಿಸಿತ್ತು. ಆದರೆ ಕಿತ್ತರೆ ಫ್ಯಾನು ನಿಲ್ಲುತ್ತದೆ, ಮೈಕು ಸಾಯುತ್ತದೆ, ಕಸ್ತಾರಿ ಕಾರಣ ಕೇಳುತ್ತಾರೆ. ಇನ್ನೊಂದು ಐದು ನಿಮಿಷ ಎಂದುಕೊಂಡು ಕೂತೆ. ಇದನ್ನು ನೆನೆದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ. ಒಬ್ಬ ಮುದುಕರು ಬೆಂಕಿಯ ಮೇಲೆ ಕೂತಿರಬಹುದೆಂದು ಗೊತ್ತಿದ್ದೂ, ಮರ್ಯಾದೆ ಹೋದೀತೆಂದು ನಾನು ಸುಮ್ಮನೆ ಕೂತಿದ್ದೆ.

ಕಸ್ತಾರಿಯವರ ಮೂಗು ಎರಡು ಸಲ ಅರಳಿತು.

"ಏನೋ ವಾಸನೆ."

"ಸೀಗಡಿ. ಅಡುಗೆಮನೇಲಿ ಹುರೀತಿದ್ದಾರೆ," ಎಂದೆ.

"ಸೀಗಡಿ ಪ್ಲಾಸ್ಟಿಕ್ ತಿಂದಿರಬೇಕು," ಎಂದರು ಅವರು, ಮೆತ್ತಗೆ. ನಗಲಿಲ್ಲ. ಕಣ್ಣು ನೆಲದ ಮೇಲೆ ಓಡಾಡುತ್ತಿತ್ತು. ಫ್ಯಾನುಗಳು ಒಂದು ಸಲ ನಿಧಾನವಾಗಿ, ಮತ್ತೆ ಜೋರಾದವು. ಗೋಡೆಯ ದೀಪಗಳು ಮಿಣಮಿಣ ಎಂದವು. ಮೈಕು ಗೊರಗೊರ ಎಂದಿತು. ಅಜ್ಜ ಮಾತ್ರ ಕಣ್ಣು ಮುಚ್ಚಿ, "ಈ ಎರಡು ಮನೆಗಳ ನಡುವೆ ಬೆಚ್ಚನೆಯ ಬಾಂಧವ್ಯ ಬೆಳೆದು," ಎನ್ನುವಷ್ಟರಲ್ಲಿ ಅವರ ಎಡ ಮಂಡಿಯ ಪಕ್ಕದಿಂದ ಬೂದು ಹೊಗೆಯ ಒಂದು ಎಳೆ ಎದ್ದು ಬಂತು.

ಕಸ್ತಾರಿ ಕೂಗಲಿಲ್ಲ. ಎದ್ದು, ಎರಡು ಹೆಜ್ಜೆಯಲ್ಲಿ ಚಿಕ್ಕಪ್ಪನ ಕಂಕುಳಿಗೆ ಕೈಹಾಕಿ ಮಗುವಿನಂತೆ ಎತ್ತಿ ಬಾಗಿಲ ಬಳಿ ನಿಲ್ಲಿಸಿದರು. ಅಜ್ಜನ ಮಂಡಿ ಆ ದಿನ ನೋವನ್ನು ಮರೆತು ತಾನೇ ಅಂಗಳ ದಾಟಿತು.

"ಎಲ್ಲರೂ ಹೊರಗೆ ನಡೀರಿ. ಓಡೋದು ಬೇಡ. ಮಕ್ಕಳು ಮೊದಲು. ಬೀಗರೇ, ಮೇನ್ ಸ್ವಿಚ್ ಎಲ್ಲಿ?"

ನಾನು ಬೆರಳು ತೋರಿಸಿದೆ. ಅವರು ನೋಡಿದರು. ಅಲ್ಲಿ ಅವರ ಮಗನ ಹೆಸರಿತ್ತು.

"ಎಲ್ಲಿ?"

"ಅದರ ಹಿಂದೆ. ಮೊಳೆ ಹೊಡೆದಿದೀನಿ."

"ಎಷ್ಟು ಮೊಳೆ?"

"ಹದಿನಾರು."

ಅವರು ನನ್ನನ್ನು ನೋಡಿದ ನೋಟವನ್ನು ನಾನು ಯಾವ ಬಟ್ಟೆಯಿಂದಲೂ ಮುಚ್ಚಲಾರೆ. ಮರುಕ್ಷಣ ಚೌಕಟ್ಟಿನ ಅಂಚಿಗೆ ಎರಡು ಕೈಹಾಕಿ, ಕಾಲನ್ನು ಗೋಡೆಗೆ ಕೊಟ್ಟು ಎಳೆದರು. ನಾನೂ ಎಳೆದೆ. ಬಿರುಗಾಳಿಗೆ ಅಲುಗಬಾರದೆಂದು ಕಟ್ಟಿದ್ದು ಬೀಗರಿಗೆ ಅಲುಗೀತೇ? ಮೂರನೆಯ ಎಳೆತಕ್ಕೆ ಬಟ್ಟೆ ಹರಿದು, 'ಹನುಂಗ್' ಉದುರಿ, ಹಲ್ಲಿಯ ಬಾಲ ಸಮೇತ ಡಬ್ಬಿ ದರ್ಶನ ಕೊಟ್ಟಿತು. ಕಸ್ತಾರಿ ಸ್ವಿಚ್ಚು ಕೆಳಗೆ ಹಾಕಿದರು.

ಫ್ಯಾನುಗಳು ತಿರುಗುತ್ತಲೇ ಇದ್ದವು.

ಅವರು ಸ್ವಿಚ್ಚನ್ನು ನೋಡಿದರು, ಫ್ಯಾನನ್ನು ನೋಡಿದರು, ನನ್ನನ್ನು ನೋಡಿದರು. ರತ್ನಗಂಬಳಿಯ ನಡುವೆ ಒಂದು ಕಪ್ಪು ವೃತ್ತ ಮೂಡಿ ಅಗಲವಾಗುತ್ತಿತ್ತು. ಒಳಗಿನಿಂದ ಚಿಟಿಚಿಟಿ ಸದ್ದು.

"ಬೀಗರೇ, ಕರೆಂಟು ಎಲ್ಲಿಂದ ಬರ್ತಿದೆ?"

"ಎದುರುಮನೆಯಿಂದ," ಎಂದೆ.

"ಎದುರುಮನೇಲಿ ಯಾರಿದ್ದಾರೆ?"

"ಯಾರೂ ಇಲ್ಲ. ಬೀಗ ಹಾಕಿದೆ."

ಒಳಗೆ ಬೀಗರು, ಹೊರಗೆ ಬೀಗ. ನಡುವೆ ನಾನು. ಅಡುಗೆಮನೆಯಿಂದ ಜಾಲರಿ ಸೌಟು ಹಿಡಿದೇ ಯಾತ್ಮಿ ಅಕ್ಕ ಓಡಿಬಂದರು. ಅವರ ಸೊಂಟದ ಗೊಂಚಲಿನಲ್ಲಿ ಇಪ್ಪತ್ತು ಬೀಗದ ಕೈ. "ಇದಾ? ಅಲ್ಲ, ಇದು ಫ್ರೀಜರಿನದು. ಇದು ತೀರಿಹೋದ ಯಜಮಾನರ ಸೈಕಲ್ಲಿನದು," ಎನ್ನುತ್ತ ಬೀದಿ ದಾಟಿದರು. ಹಿಂದೆಯೇ ಹನುಂಗ್ ಹೊಸ ಅಂಗಿಯ ತೋಳು ಮಡಚಿಕೊಂಡು ಓಡಿದ.

ನಾನೇನು ಸುಮ್ಮನಿರುತ್ತೇನೆಯೇ? ಬಚ್ಚಲಿನಿಂದ ಬಕೆಟ್ಟು ತುಂಬ ನೀರು ತಂದು ಕಂಬಳಿಯ ಮೇಲೆ ಸುರಿಯಲು ಎತ್ತಿದೆ. ಕಸ್ತಾರಿಯವರ ಕೈ ಕಬ್ಬಿಣದ ಪಟ್ಟಿಯಂತೆ ನನ್ನ ಮಣಿಕಟ್ಟು ಹಿಡಿಯಿತು.

"ಕರೆಂಟಿರೋವಾಗ ನೀರು ಹಾಕಿದ್ರೆ ಬೆಂಕಿ ಉಳಿಯುತ್ತೋ ಇಲ್ವೋ ಗೊತ್ತಿಲ್ಲ, ನೀವು ಉಳಿಯಲ್ಲ. ಹಿಡ್ಕೊಂಡು ನಿಂತಿರಿ. ನಾನು ಹೇಳಿದಾಗ ಹಾಕಿ."

ನಿಂತೆ. ಕಪ್ಪು ವೃತ್ತದ ನಡುವೆ ಮೊದಲು ಕೆಂಪು ಚುಕ್ಕೆ, ಆಮೇಲೆ ಗೇಣುದ್ದದ ಜ್ವಾಲೆ ಎದ್ದಿತು. ಪಕ್ಕದ ಬಾಳೆಎಲೆ ಸುರುಟಿಕೊಂಡಿತು. ಅದರ ಹಿಂದೆ ಬಟ್ಟೆಯ ಪರದೆ, ಪರದೆಯ ಮೇಲೆ ನಮ್ಮ ಮರದ ಸೂರು, ಸೂರಿಗೆ ಅಂಟಿಕೊಂಡೇ ಪಕ್ಕದ ಮನೆ, ಅದರ ಪಕ್ಕ ಇನ್ನೊಂದು. ಈ ಬೀದಿಯ ಮನೆಗಳ ನಡುವೆ ಒಂದು ಕೈ ತೂರುವಷ್ಟೂ ಜಾಗವಿಲ್ಲ. ಬಾಗಿಲ ಹೊರಗಿನಿಂದ ಗಲುಹ್ "ಅಪ್ಪಾ, ಬಾ ಹೊರಗೆ" ಎಂದು ಅಳುತ್ತಿದ್ದಳು. ಹದಿನೈದು ಎಣಿಸುವಷ್ಟು ಹೊತ್ತು ಅಷ್ಟೆ. ನನ್ನ ಆಯುಸ್ಸಿನಲ್ಲಿ ಅದರಷ್ಟು ಉದ್ದದ ಹೊತ್ತನ್ನು ನಾನು ಕಂಡಿಲ್ಲ.

ಫ್ಯಾನುಗಳು ನಿಂತವು. ಎದುರಿನಿಂದ ಹನುಂಗ್ ಕೂಗಿದ: "ಅಪ್ಪಾ, ಕಿತ್ತೆ. ಕೈಯಲ್ಲೇ ಇದೆ."

"ಈಗ ಹಾಕಿ," ಎಂದರು ಕಸ್ತಾರಿ.

ನಾನು ಹಾಕಿದೆ. ಅರ್ಧ ಬೆಂಕಿಗೆ, ಅರ್ಧ ಬೀಗರಿಗೆ. ಅವರು ಮುಖ ಕೂಡ ಒರೆಸಿಕೊಳ್ಳದೆ ಇನ್ನೊಂದು ಬಕೆಟ್ಟಿಗೆ ಕೈಚಾಚಿದರು. ಮುರ್ತಿನಿ ಆಗಲೇ ತಂದು ನಿಂತಿದ್ದಳು. ಮೂರನೆಯ ಬಕೆಟ್ಟಿಗೆ ಬೆಂಕಿ ಸತ್ತಿತು. ಕೋಣೆಯ ತುಂಬ ಆವಿ, ಹೊಗೆ, ಕರಗಿದ ಪ್ಲಾಸ್ಟಿಕ್ಕಿನ ಕಮಟು.

ಕಸ್ತಾರಿ ಕಂಬಳಿಯನ್ನು ನಿಧಾನವಾಗಿ ಸುತ್ತಿ ತೆಗೆದರು. ಕೆಳಗೆ ನನ್ನ ತುಂಬು ಕುಟುಂಬ ಕರಗಿ ಒಂದೇ ಮುದ್ದೆಯಾಗಿತ್ತು. ಯಾವುದು ತಾತ, ಯಾವುದು ಮೊಮ್ಮಗು ಗೊತ್ತಾಗುತ್ತಿರಲಿಲ್ಲ. ನೆಲದ ಟೈಲು ಎರಡು ಸೀಳಾಗಿತ್ತು. ನಾನು ಗೋಡೆಗೆ ಒರಗಿ ಕೂತೆ. ಅವರೂ ಪಕ್ಕದಲ್ಲಿ ಕೂತರು. ಇಬ್ಬರೂ ಒದ್ದೆ.

"ನಾನು ಪ್ಲಗ್ಗು ಮುಟ್ಟಿ ನೋಡ್ತೀನಿ ಅಂತ ಎಲ್ಲರೂ ನಗ್ತಾರೆ," ಎಂದರು. "ಕಣ್ಣಿಗೆ ಕಾಣೋ ಕಡೆ ಇದ್ದಿದ್ರೆ ಯಾರಾದ್ರೂ ಕಾಲು ತಾಗಿಸಿ ಬಿಸಿ ಅಂತಿದ್ರು. ಕಂಬಳಿ ಹೊದಿಸಿದ್ರೆ ಅದು ಕಾವು ಎಲ್ಲಿ ಬಿಡಬೇಕು ಹೇಳಿ? ಒಂದು ಮನೇಲಿ ಹೀಗೇ ಆಗಿತ್ತು. ಎಲ್ಲರೂ ಮಲಗಿದ್ರು." ಅಷ್ಟಕ್ಕೇ ನಿಲ್ಲಿಸಿದರು. ಮುಂದೆ ಏನಾಯಿತೆಂದು ನಾನು ಕೇಳಲಿಲ್ಲ. ನಮ್ಮ ಮನೆಗೆ ಊರಿಂದ ಬಂದಿದ್ದ ನೆಂಟರ ಮಕ್ಕಳನ್ನೆಲ್ಲ ಅಂದು ರಾತ್ರಿ ಅದೇ ಕಂಬಳಿಯ ಮೇಲೆ, ಫ್ಯಾನು ಹಾಕಿ ಮಲಗಿಸುವುದೆಂದು ನಾವು ಮಾತಾಡಿಕೊಂಡಿದ್ದೆವು.

"ನನ್ನದೇ ತಪ್ಪು," ಎಂದೆ. "ನಿಮಗೆ ಕಾಣಬಾರದು ಅಂತ ಮುಚ್ಚಿದೆ. ಇವಳು ಬೇಡ ಬೇಡ ಅಂದಳು. ನನ್ನ ಮಗಳದ್ದು ಇದರಲ್ಲಿ ಏನೂ ತಪ್ಪಿಲ್ಲ."

ಅವರು ನನ್ನ ಬೆನ್ನ ಮೇಲೆ ಎರಡು ಸಲ ತಟ್ಟಿ ಹೊರಗೆ ಹೋದರು. ಸಂಬಂಧ ಮುರಿಯಿತು ಎಂದೇ ನಾನು ಅಂದುಕೊಂಡೆ.

ಹೊರಗೆ ಬಂದು ನೋಡಿದರೆ ಯಾತ್ಮಿ ಅಕ್ಕನ ಅಂಗಡಿಯ ಚಪ್ಪರದ ಕೆಳಗೆ ಚಾಪೆ ಬಿದ್ದಿತ್ತು. ಗಲುಹ್‌ಳ ಪಕ್ಕದಲ್ಲೇ ಹನುಂಗ್ ಕೂತು ಅವಳಿಗೆ ನೀರು ಕುಡಿಸುತ್ತಿದ್ದ. ಅವನ ಅಂಗಿಯ ತುಂಬ ಮಸಿ, ತಲೆಯಲ್ಲಿ ಜೇಡರಬಲೆ. ಬೆಳಿಗ್ಗೆ ಮುದುರಿಕೊಂಡು ಬಂದಿದ್ದ ಹುಡುಗ ಈಗ ಚೆನ್ನಾಗಿಯೇ ಕಾಣುತ್ತಿದ್ದ. ಅಕ್ಕ ಎಲ್ಲರಿಗೂ ಐಸು ಹಾಕಿದ ಶರಬತ್ತು ಹಂಚುತ್ತಿದ್ದರು. ಲುಂಪಿಯಾ ಒಂದು ಕಡೆ ಕೊಂಚ ಸೀದಿದ್ದವು, ಯಾರೂ ದೂರಲಿಲ್ಲ. ಮಕ್ಕಳಿಗಂತೂ ಹಬ್ಬ. ಒಬ್ಬ ಇನ್ನೊಬ್ಬನಿಗೆ ಬಕೆಟ್ಟು ಹಿಡಿಯುವುದು ಹೇಗೆಂದು ತೋರಿಸುತ್ತಿದ್ದ.

"ಎಲ್ಲರೂ ಇದ್ದಾರಾ?" ಎಂದು ಮುರ್ತಿನಿ ತಲೆ ಎಣಿಸಿದಳು. ಎರಡು ಸಲ ಎಣಿಸಿದಳು. ಎಲ್ಲರೂ ಇದ್ದರು. ಆಗ ಅವಳು ನನ್ನ ಕೈಹಿಡಿದು, ಬೈಯಲು ಬಾಯಿ ತೆರೆದು, ಬೈಯಲಾರದೆ ಸುಮ್ಮನೆ ಹಿಡಿದುಕೊಂಡೇ ನಿಂತಳು. ಇಪ್ಪತ್ತಾರು ವರ್ಷದಲ್ಲಿ ಅವಳು ಬೈಗುಳವೊಂದನ್ನು ನುಂಗಿದ್ದು ಅದೇ ಮೊದಲು.

ಸೊಮೊ ಅಜ್ಜನನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಅವರ ಲುಂಗಿಯಲ್ಲಿ ಅಂಗೈಯಗಲದ ಕಂದು ಕಲೆ. ಮೈಗೆ ಏನೂ ಆಗಿರಲಿಲ್ಲ. ಕಸ್ತಾರಿಯವರು ಬಾಗಿ ಅಜ್ಜನ ಕಿವಿಯಲ್ಲಿ ಏನೋ ಹೇಳಿದರು. ಅಜ್ಜ ತಲೆಯಾಡಿಸಿದರು. ಮತ್ತೇನೋ ಹೇಳಿದರು. ಮತ್ತೆ ತಲೆಯಾಡಿಸಿದರು. ಅಜ್ಜ ಗಂಟಲು ಸರಿಮಾಡಿಕೊಂಡರು. ಈ ಸಲ ಮೈಕಿಲ್ಲ, ಸೇತುವೆಗೆ ವಂದನೆಯಿಲ್ಲ, ಹಳೆಯ ಜಾವಾ ಮಾತೂ ಇಲ್ಲ.

"ತಮ್ಮಾ ದರ್ಮಾಜಿ, ನಾವು ನಿಮ್ಮ ಮಗಳನ್ನ ಕೇಳೋಕೆ ಬಂದೋರು. ಕೇಳ್ತಾ ಇದೀವಿ. ಹುಡುಗಿಗೆ ಒಪ್ಪಿಗೇನಾ?"

ಎಲ್ಲರೂ ಗಲುಹ್‌ಳತ್ತ ತಿರುಗಿದರು. ಅವಳು ಹನುಂಗ್‌ನ ಮಸಿ ಹಿಡಿದ ಮುಖ ನೋಡಿ ತಲೆತಗ್ಗಿಸಿ ಹೂಂ ಎಂದಳು. ಕಣ್ಣು ತುಂಬಿ ಬಂತು. ಅಪ್ಪನಾದವನು ಇಂಥ ಹೊತ್ತಿನಲ್ಲಿ ಗಂಭೀರವಾಗಿ ನಾಲ್ಕು ಮಾತಾಡಬೇಕು. ಎದ್ದು ನಿಂತು, ಒದ್ದೆ ಅಂಗಿ ಸರಿಮಾಡಿಕೊಂಡು, "ಹಿರಿಯರೇ, ನಮ್ಮ ಭಾಗ್ಯ. ಮದುವೆ ಯಾವಾಗ ಅಂತ ನಿಮ್ಮ ಮನಸ್ಸಿನಲ್ಲಿದೆ?" ಎಂದೆ.

ಅಜ್ಜ ಕಸ್ತಾರಿಯವರ ಮುಖ ನೋಡಿದರು. ಕಸ್ತಾರಿ ಮುಗುಳ್ನಕ್ಕು ತಲೆಯಾಡಿಸಿದರು.

"ರಂಜಾನ್ ಉಪವಾಸ ಮುಗಿದು ಬರೋ ಲೆಬಾರನ್ ಹಬ್ಬ ಕಳೆದ ಮೇಲೆ, ಇನ್ನೆಂಟು ತಿಂಗಳಿಗೆ ಅಂತ ಅಂದುಕೊಂಡು ಬಂದಿದ್ವಿ ತಮ್ಮಾ. ಈಗ ನಿಮ್ಮನೆ ನೋಡಿದ ಮೇಲೆ, ಮುಂದಿನ ತಿಂಗಳೇ ಕರ್ಕೊಂಡು ಹೋಗೋದು ಅಂತ ತೀರ್ಮಾನ ಮಾಡಿದೀವಿ. ಎಂಟು ತಿಂಗಳು ಅವಳನ್ನ ಆ ಮನೇಲಿ ಬಿಡೋಕೆ ನಮ್ಮ ಹುಡುಗನಿಗೆ ಧೈರ್ಯ ಸಾಲ್ತಿಲ್ಲ."

ಚಪ್ಪರ ಹಾರುವಂತೆ ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ? ನಗು ನಿಂತಮೇಲೆ ಹಿಂದಿನಿಂದ ಮುರ್ತಿನಿಯ ಧ್ವನಿ ಕೇಳಿಸಿತು. ತುಂಬ ವಿನಯದಿಂದ, ಎರಡೂ ಕೈ ಮುಗಿದು ಅವಳು ಕೇಳುತ್ತಿದ್ದಳು:

"ಅಜ್ಜಾ, ಹುಡುಗಿ ಜೊತೆಗೆ ಹುಡುಗಿಯ ಅಮ್ಮನನ್ನೂ ಕರ್ಕೊಂಡು ಹೋಗೋ ಪದ್ಧತಿ ನಿಮ್ಮ ಕಡೆ ಇದೆಯಾ?"